ಎರಡು ಬೆರಳು ಒಳಕ್ಕೆ

ಶಿಲ್ಪಿ ಕೇತೋಜ ತನ್ನ ಶಿಷ್ಯರೊಡನೆ ಒಂದು ಬಂಡೆಗುಡ್ಡವನ್ನೇ ಗುಡಿಯಾಗಿ ಕಡೆಯುತ್ತಿದ್ದ.

ಕಲ್ಲು ತಂದು ಜೋಡಿಸುವ ಕೆಲಸವಲ್ಲ ಅದು. ಶಿಖರದಿಂದ ಶುರುಮಾಡಿ, ಬೇಡದ್ದನ್ನು ತೆಗೆಯುತ್ತ ತೆಗೆಯುತ್ತ ಬುಡಕ್ಕೆ ಇಳಿದಿದ್ದರು. ಬುಡದಲ್ಲಿ, ಗುಡಿಯನ್ನು ಹೊತ್ತು ನಿಂತಂತೆ, ಆನೆಗಳ ಸಾಲು. ಒಬ್ಬೊಬ್ಬರಿಗೆ ಒಂದೊಂದು ಆನೆ.

ಅಲ್ಲೊಂದು ಕಟ್ಟಳೆಯಿತ್ತು. ಕಲ್ಲಿಗೆ ತೇಪೆ ಹಾಕಿದವನು ಉಳಿ ಒಪ್ಪಿಸಬೇಕು.

ಮಾಚನ ಆನೆಯ ಸೊಂಡಿಲು ಮುರಿಯಿತು. ಬಿದ್ದದ್ದು ಒಂದೇ ಏಟು, ಆದರೆ ಜೋರಾಗಿ ಬಿತ್ತು.

ಎಲ್ಲರೂ ಊಟಕ್ಕೆ ಹೋದಾಗ ಅವನು ರಾಳ ಕರಗಿಸಿದ, ಕಲ್ಲುಪುಡಿ ಕಲಸಿದ, ತುಂಡನ್ನು ಅಂಟಿಸಿ ಉಜ್ಜಿದ. ಕೊನೆಗೆ ಬಿರುಕು ಎಲ್ಲಿತ್ತೆಂದು ಅವನಿಗೇ ಗೊತ್ತಾಗಲಿಲ್ಲ.

ಸಂಜೆ ಕೇತೋಜ ಬಂದು ನೋಡಿದ.

"ಚೆನ್ನಾಗಿದೆ. ನೀರು ಹಾಕು."

"ಯಾಕೆ ಗುರುಗಳೇ?"

"ಆನೆಯಲ್ಲವೇನೋ? ಮೀಯಲಿ."

ಮಾಚ ಕೊಡ ಬಗ್ಗಿಸಿದ. ಒದ್ದೆಯಾದ ಕಲ್ಲು ಕಪ್ಪಾಯಿತು. ಸೊಂಡಿಲಿನ ಸುತ್ತ ಮಾತ್ರ ಒಂದು ಬಿಳಿ ಗೆರೆ ಉಳಿಯಿತು.

ಪಕ್ಕದ ಆನೆಯ ಬೋಳ ನಕ್ಕ. "ಏನೋ ಮಾಚಾ, ಸೊಂಡಿಲಿಗೂ ಉಡಿದಾರ ಕಟ್ಟಿದ್ದೀಯಲ್ಲ!"

ಮಾಚ ಉಳಿಯನ್ನು ಗುರುವಿನ ಕಾಲ ಬಳಿ ಇಟ್ಟ. ಬಾಲ್ಯದಿಂದ ಅವನು ಕಲಿತದ್ದು ಇದೊಂದೇ ವಿದ್ಯೆ.

"ತಪ್ಪಾಯಿತು. ನಾನು ಹೊರಡುತ್ತೇನೆ."

ಕೇತೋಜ ಉಳಿ ಎತ್ತಿಕೊಂಡ. ಅಂಟಿಸಿದ ತುಂಡನ್ನು ತಟ್ಟಿ ಬೀಳಿಸಿದ. ಮುರಿದ ಜಾಗಕ್ಕೆ ಬೆರಳಿಟ್ಟು ಅಳೆದು, ಇದ್ದಿಲಿನಿಂದ ಹೊಸ ಗೆರೆ ಎಳೆದ.

"ಎರಡು ಬೆರಳು ಒಳಕ್ಕೆ ಹೋದರೆ ಇನ್ನೊಂದು ಸೊಂಡಿಲಿದೆ."

"ಆಗ ಹಣೆಯೂ ಹಿಂದಕ್ಕೆ ಸರಿಯಬೇಕಲ್ಲ, ಗುರುಗಳೇ. ಇದೊಂದೇ ಆನೆ ಒಳಗೆ ನಿಂತರೆ ಸಾಲು ಕೆಡುತ್ತದೆ."

"ಕೆಡುತ್ತದೆ."

ಬೋಳ ತನ್ನ ಆನೆಯತ್ತ ನೋಡಿದ. ನಗು ನಿಂತಿತು.

ಸಾಲಿನ ತುದಿಯಲ್ಲಿದ್ದದ್ದು ಕೇತೋಜನ ಆನೆ. ಅದರ ಕಣ್ಣಂಚಿನ ಸುಕ್ಕು ನೋಡಲೆಂದೇ ದೂರದ ಶಿಲ್ಪಿಗಳು ಬಂದು ಹೋಗುತ್ತಿದ್ದರು. ಕೇತೋಜ ಅದರ ಮುಂದೆ ಕೂತು, ಅಲ್ಲೂ ಎರಡು ಬೆರಳು ಒಳಕ್ಕೆ ಇದ್ದಿಲಿನ ಗೆರೆ ಎಳೆದ. ಮಾಚನ ಉಳಿಯನ್ನು ಅದರ ಹಣೆಗಿಟ್ಟು ಸುತ್ತಿಗೆ ಎತ್ತಿದ. ಮೊದಲ ಚಕ್ಕೆ ಹಾರಿತು.

ಮಾಚ ಓಡಿಬಂದು ಅವನ ಕೈ ಹಿಡಿದ. "ಬೇಡಿ ಗುರುಗಳೇ! ಇದು ಮುಗಿದ ಆನೆ. ತಪ್ಪು ಮಾಡಿದವನು ನಾನೊಬ್ಬ. ನನ್ನನ್ನು ಕಳಿಸಿಬಿಡಿ, ಅಲ್ಲಿಗೆ ಮುಗಿಯುತ್ತದೆ."

ಕೇತೋಜ ಕೈ ಬಿಡಿಸಿಕೊಂಡ.

"ಗುಡ್ಡವೂ ಒಂದೇ ಕಲ್ಲು ಕಣೋ. ನನ್ನ ಉಳಿ ಅಲ್ಲಿದೆ, ಎತ್ತಿಕೋ. ಬೆಳಕಿರುವಾಗಲೇ ಶುರುಮಾಡು."