ಕೋವಿ ಆರಿಸಿಕೊಂಡ ಪಟ್ಟಿ

ಕೊಡಗಿನ ಕೈಲ್ ಮುಹೂರ್ತ ಹಬ್ಬದ ದಿನ ಆಯುಧಪೂಜೆ ಮುಗಿಸಿದ ಉತ್ತಯ್ಯಜ್ಜ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹೊರಡುತ್ತ, ತಮ್ಮ ಹಳೆಯ ಬೇಟೆಕೋವಿಯನ್ನು ಕೇಳಿದರು: “ಯಾವ ಹೆಗಲುಪಟ್ಟಿಯಲ್ಲಿ ಬರ್ತೀಯಪ್ಪ?”

ಗೂಟದಲ್ಲಿ ನೇತಾಡುತ್ತಿದ್ದ ಅಗಲವಾದ ಚರ್ಮದ ಪಟ್ಟಿ ಹೇಳಿತು, “ಏರು ದಾರಿ. ನಾನಾದರೆ ನಿನ್ನ ಭಾರವನ್ನು ಅಜ್ಜನ ಹೆಗಲ ತುಂಬ ಹಂಚುತ್ತೇನೆ.”

“ನಿನ್ನ ಮೈಯೆಲ್ಲ ಬೆವರಿನ ನಾತ. ಊರಿನ ಕೋವಿಗಳೆಲ್ಲ ಸೇರುವ ಕಡೆ ನನ್ನ ಮಾನ ಕಳೆಯಬೇಡ,” ಎಂದು ಕೋವಿ ಬೆಳ್ಳಿ ಬಕ್ಕಲ್ಲಿನ ಸಪೂರ ಪಟ್ಟಿಯನ್ನೇ ಆರಿಸಿಕೊಂಡಿತು.

ಅಜ್ಜ ಅದನ್ನೇ ಬಿಗಿದು ಕೋವಿಯನ್ನು ಹೆಗಲಿಗೇರಿಸಿದರು. ಮೈದಾನದಲ್ಲಿ ಎಲ್ಲರೂ ಬಕ್ಕಲ್ಲನ್ನು ಹೊಗಳಿದರು. ಕೋವಿ ಬೀಗಿತು.

ಮನೆಗೆ ಬಂದು ಅಂಗಿ ಕಳಚಿದಾಗ ಅಜ್ಜನ ಹೆಗಲ ಮೇಲೆ ಬೆರಳಗಲದ ಬಾಸುಂಡೆ ಎದ್ದಿತ್ತು. ಅಜ್ಜಿ ಗಾಬರಿಯಿಂದ ಎಣ್ಣೆಯ ಬಟ್ಟಲು ತಂದರು.

“ತಡಿ ಮಾರಾಯ್ತಿ, ಮೊದಲು ಕೋವಿಗೆ. ನನ್ನ ಜೊತೆ ಅಷ್ಟು ದೂರ ಬಂದಿದೆ ಪಾಪ, ದಣಿದಿರ್ತದೆ,” ಎಂದು ಅಜ್ಜ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಅದರ ನಳಿಗೆಯನ್ನು ಒರೆಸತೊಡಗಿದರು.

ಕೋವಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಗೂಟದ ಕಡೆ ನೋಡಿ ಪಿಸುಗುಟ್ಟಿತು, “ಇವರು ಒಂದು ಮಾತು ಬೈಯಬಾರದೆ?”

“ಇಷ್ಟು ವರ್ಷ ನಿನ್ನನ್ನು ಹೊತ್ತವರು,” ಎಂದಿತು ಹಳೆಯ ಪಟ್ಟಿ, “ಭಾರ ಅಂತ ಒಂದು ದಿನವಾದರೂ ಅಂದಿದ್ದಾರೆಯೇ?”