ದುರ್ಗಮ್ಮನ ಲೋಟ ಒಳಗೆ ಬಂದದ್ದು

ನಮ್ಮ ಬೀದಿಯಲ್ಲಿ ಇದನ್ನ ನಗದೇ ಕೇಳಿದವರಿಲ್ಲ, ನೀವೂ ಕೇಳಿ. ಹಪ್ಪಳದ ಚನ್ನಾಜಮ್ಮನಿಗೆ ಒಬ್ಬನೇ ಮಗ, ಅಡವೀಶ. ಮೈ ಕೋಣನದು, ಮನಸ್ಸು ಬೆಣ್ಣೆ, ತಲೆಯೊಳಗೆ ಮಾತ್ರ ದೇವರು ಏನೂ ಇಡಲಿಲ್ಲ. ವಯಸ್ಸಾಯ್ತು ಅಂತ ಆಕೆ ಹಪ್ಪಳದ ಶೆಡ್ಡನ್ನ ಅವನ ಕೈಗೆ ಕೊಟ್ಟಳು. ಕೊಟ್ಟ ವಾರವೇ ತಕರಾರು.

ತಕರಾರು ಏನಂದ್ರೆ, ಟೀ ಹೊತ್ತಿಗೆ ಹಪ್ಪಳ ಲಟ್ಟಿಸೋ ಎಲ್ಲಾ ಹೆಂಗಸರಿಗೂ ಶೆಡ್ಡಿನೊಳಗೆ ಒಳ್ಳೇ ಲೋಟ. ಕೆಳಗಿನ ಕೇರಿಯ ದುರ್ಗಮ್ಮನಿಗೆ ಮಾತ್ರ ಬಾಯಿ ಒಡೆದ ಗಾಜಿನ ಲೋಟ, ಅದೂ ಕಿಟಕಿಯಾಚೆ. ಇಟ್ಟವಳು ಯಾರು ಅಂತೀರಾ? ಚನ್ನಾಜಮ್ಮನೇ. ಇನ್ನು ಸಹಿಸಲ್ಲ, ಲೇಬರ್ ಆಫೀಸಿಗೆ ದೂರು ಕೊಡ್ತೀನಿ ಅಂದಳು ದುರ್ಗಮ್ಮ. ದೂರು ಹೋದರೆ ಶೆಡ್ಡಿಗೆ ಬೀಗವೇ ಅಂತ ಚನ್ನಾಜಮ್ಮ ಮಗನ ಹತ್ತಿರ ಓಡಿದಳು.

“ಅವಳಿಗೂ ಮಿಕ್ಕವರಿಗೂ ವ್ಯತ್ಯಾಸ ಕಾಣಬಾರದು, ನೋಡ್ಕೋ,” ಅಂದಳು ಮಗನಿಗೆ.

ನೋಡಿಕೊಂಡ. ಕುಟ್ಟಾಣಿ ತಗೊಂಡು ಎಲ್ಲಾ ಲೋಟದ ಬಾಯನ್ನೂ ಒಡೆದ, ಸಾಲಾಗಿ ಕಿಟಕಿಯಾಚೆ ಇಟ್ಟ. ಟೀ ಗುಟುಕರಿಸಿದ ರತ್ನಕ್ಕನ ತುಟಿ ಕುಯ್ದು ರಕ್ತ.

ತಾಯಿ ತಲೆ ಚಚ್ಚಿಕೊಂಡಳು. ಎಲ್ಲರನ್ನೂ ಗೋಳು ಹುಯ್ಕೋ ಅಂದೆನೇನೋ ದಡ್ಡ, ಒಬ್ಬೊಬ್ಬರ ಕಷ್ಟ ಏನು ಅಂತ ಬಾಯಿಬಿಟ್ಟು ಕೇಳು ಅಂದಳು.

ಕೇಳಿದ. ಶೆಡ್ಡಿನ ನಡುವೆ ಸ್ಟೂಲ್ ಹತ್ತಿ ಕೇಳಿದ. ರತ್ನಕ್ಕನ ಗಂಡ ಕುಡಿದು ಹೊಡೆಯೋದು ನಿಜವೇ, ಗಂಡ ಊರಲ್ಲಿಲ್ಲದ ಗಿರಿಜಮ್ಮ ಈಚೆಗೆ ಹುಣಸೇಕಾಯಿ ತಿನ್ನೋದು ಯಾಕೆ, ಒಂದನ್ನೂ ಬಿಡಲಿಲ್ಲ. ಲಟ್ಟಣಿಗೆಗಳು ನಿಂತವು, ಕಿವಿಗಳು ನೆಟ್ಟಗಾದವು. ಗಿರಿಜಮ್ಮನ ವಿಷಯ ಊರಿಗೆ ಗೊತ್ತಾಗಿದ್ದೇ ಹಾಗೆ.

ತಾಯಿ ಮತ್ತೆ ಬೈದಳು. ಇಂಥದ್ದನ್ನ ಮರೆಯಲ್ಲಿ ಕೇಳಬೇಕು, ಕೇಳಿದ್ದನ್ನ ಯಾರಿಗೂ ಹೇಳಬಾರದು.

ಸರಿ, ದುರ್ಗಮ್ಮನನ್ನ ಉದ್ದಿನ ಮೂಟೆಗಳ ಹಿಂದೆ ಕರೆದ.

“ನೋಡಪ್ಪ, ಆಚೆ ಇಟ್ಟ ಕೈಯೇ ನನ್ನ ಲೋಟ ಒಳಗೆ ತರಬೇಕು. ಇಲ್ಲದಿದ್ದರೆ ಸೋಮವಾರ ನಾನು ಲೇಬರ್ ಆಫೀಸಿಗೆ ಬಸ್ಸು ಹತ್ತೋದೇ,” ಅಂದಳು.

ಅಡವೀಶ ಯಾರಿಗೂ ಹೇಳಲಿಲ್ಲ. ತಾಯಿ ಅನ್ನ ಹಾಕುತ್ತಾ ಕೇಳಿದಳು, ಹೇಳಲಿಲ್ಲ. ಅನ್ನ ಹಾಕಲ್ಲ ಅಂದಳು, ಆಗಲೂ ಹೇಳಲಿಲ್ಲ. ಸೋಮವಾರ ದುರ್ಗಮ್ಮನ ಮಣೆ ಖಾಲಿ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ ಅಂತ ಸುದ್ದಿ ಬಂತು.

“ಕೆಟ್ಟೆವಲ್ಲೋ. ಅವಳು ಏನು ಕೇಳಿದ್ದಳೋ ಅದನ್ನ ಹೊತ್ತುಕೊಂಡು ಓಡೋ,” ಅಂದಳು ಚನ್ನಾಜಮ್ಮ.

ಅವಳು ಕೇಳಿದ್ದು ಲೋಟ ಇಟ್ಟ ಕೈ. ಆ ಕೈ ಇದ್ದದ್ದು ತಾಯಿಗೆ. ಒಡಕು ಲೋಟವನ್ನ ತಾಯಿಯ ಕೈಗೆ ತುರುಕಿ, ತಾಯಿಯನ್ನ ಹೆಗಲಿಗೆ ಹಾಕಿ ಓಡಿದ. ಪೇಟೆಗೆ ಪೇಟೆಯೇ ಬಾಗಿಲಿಗೆ ಬಂತು. ಹೆಗಲ ಮೇಲೆ ಜೋತಾಡುವ ಯಜಮಾನಿಯನ್ನ ನೋಡಿ ದುರ್ಗಮ್ಮ ನಗು ತಡೆಯಲು ತುಟಿ ಕಚ್ಚಿದಳು.

“ನಾನೇ ಇಟ್ಟದ್ದು ಕಣೆ, ತಪ್ಪಾಯ್ತು. ನನ್ನ ಕೈಯಾರೆ ಒಳಗೆ ತರ್ತೀನಿ, ಬಾ,” ಅಂದಳು ಚನ್ನಾಜಮ್ಮ, ಹೆಗಲ ಮೇಲಿಂದಲೇ.

“ಒಡಕು ಬೇಡ, ಹೊಸದು ಬೇಕು.”

“ಎಲ್ಲರಿಗೂ ಹೊಸದೇ. ಈ ಮುಂಡೇದು ಒಂದನ್ನೂ ಉಳಿಸಿಲ್ಲವಲ್ಲ.”

ದುರ್ಗಮ್ಮ ಶೆಡ್ಡಿನ ಕಡೆ ಹೆಜ್ಜೆ ಹಾಕಿದಳು. ಅಡವೀಶ ತಾಯಿಯನ್ನ ಇಳಿಸಿದವನೇ ದುರ್ಗಮ್ಮನನ್ನ ಎತ್ತಿ ಹೆಗಲಿಗೆ ಹಾಕಿಕೊಂಡ.

“ಲೋ, ಇದೇನೋ?” ಅಂದಳು ತಾಯಿ.

“ನೀನು ಹೆಗಲ ಮೇಲೆ ಬಂದೆ. ಅವಳು ನಡೆದು ಹೋದರೆ ಇನ್ನೊಂದು ದೂರು ಬರಲ್ವೇನಮ್ಮ?”

ಮುಂದೆ ಅಡವೀಶ, ಅವನ ಹೆಗಲ ಮೇಲೆ ಬಯ್ಯುತ್ತಾ ನಗುತ್ತಾ ದುರ್ಗಮ್ಮ. ಹಿಂದೆ ಲೋಟ ಹಿಡಿದುಕೊಂಡು, ಏದುಸಿರು ಬಿಡುತ್ತಾ, ನಡೆದು ಬಂದವಳು ಚನ್ನಾಜಮ್ಮ.