ದಿಂಡಿಗದ ಮೋಟು ಚಿಗುರಿದ ಕಥೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲವದು. ಮರಗಳು ಮಾತನಾಡುತ್ತಿದ್ದವು. ಆದರೆ ಒಮ್ಮೆ ಬಿದ್ದ ಮರ ಮತ್ತೆ ಏಳುತ್ತಿರಲಿಲ್ಲ.

ಕಾಡಿನಂಚಿನಲ್ಲಿ ಹೊನ್ನಜ್ಜಿ ಎಂಬ ಮುದುಕಿ ಇದ್ದಳು. ಅವಳ ಗುಡಿಸಲಿನ ನಡುಗಂಬವನ್ನು ಗೆದ್ದಲು ತಿಂದಿತ್ತು. ಒಳಗೆ ಬಾಣಂತಿ ಮಗಳು, ಎಂಟು ದಿನದ ಕೂಸು. ಮಳೆಗಾಲಕ್ಕೆ ನಾಲ್ಕೇ ದಿನ ಉಳಿದಿತ್ತು.

ಅಜ್ಜಿಯ ಬಳಿ ಕಬ್ಬಿಣದ ಅಲಗೊಂದಿತ್ತು. ಅದಕ್ಕೆ ಹರಿತವಾದ ಬಾಯಿ ಇತ್ತು, ದಪ್ಪನೆಯ ಬೆನ್ನಿತ್ತು, ಮರದ ಹಿಡಿಕೆ, ಅಂದರೆ ಕಾವು, ತೂರಿಸಲು ತೂತೂ ಇತ್ತು. ಕಾವು ಮಾತ್ರ ಇರಲಿಲ್ಲ. ಕಾವಿಲ್ಲದ್ದನ್ನು ಕೊಡಲಿ ಎನ್ನಬಾರದು. ಅದು ಬರೀ ಕಬ್ಬಿಣ.

“ಒಂದು ಕೊಂಬೆ ಕೊಡಪ್ಪ,” ಎಂದು ತೇಗವನ್ನು ಕೇಳಿದಳು.

“ಇವತ್ತು ಕೊಂಬೆ, ನಾಳೆ ಬುಡ. ನನಗೆ ಗೊತ್ತಿಲ್ಲವೇ?” ಎಂದಿತು ತೇಗ.

“ನಾನು ಮೆದು ಮರ, ಮುರಿದು ಹೋದೇನು,” ಎಂದು ಬೂರುಗ ಜಾರಿಕೊಂಡಿತು.

ಆಗ ಪಕ್ಕದಲ್ಲಿದ್ದ ದಿಂಡಿಗದ ಮರ ಹೇಳಿತು: “ಕೂಸಿನ ಅಳು ಇಲ್ಲಿಗೇ ಕೇಳಿಸುತ್ತಿದೆ. ಕಾವಿಗೆ ನನ್ನ ಕೊಂಬೆ ತಗೋ ತಾಯಿ. ಕಂಬಕ್ಕೂ ನನ್ನನ್ನೇ ಕಡಿ. ಬೇರು ಮಾತ್ರ ಕೀಳಬೇಡ, ಬದುಕುವ ಆಸೆ ಇದೆ.”

“ಹುಚ್ಚು ನಿನಗೆ,” ಎಂದಿತು ತೇಗ.

ಅಜ್ಜಿ ಅಲಗನ್ನು ಕಲ್ಲಿನಿಂದ ಬಡಿದು ಕೊಂಬೆ ತೆಗೆದಳು. ಕೆತ್ತಿ ಕಾವು ಮಾಡಿದಳು. ಮೊದಲ ಏಟಿಗೇ ಅಲಗು ಕಳಚಿ ಪೊದೆಗೆ ಬಿತ್ತು.

“ಅಜ್ಜಿ, ನಿನ್ನ ಕೊಡಲಿಗೆ ರೆಕ್ಕೆ ಬಂತು,” ಎಂದು ತೇಗ ನಕ್ಕಿತು.

ಅಜ್ಜಿ ಪೊದೆಯಿಂದ ಅಲಗನ್ನು ಹುಡುಕಿ ತಂದಳು. ಕಾವಿನ ತುದಿ ಸೀಳಿ ಬೆಣೆ ಹೊಡೆದಳು. ಕೊಡಲಿಯ ಬೆನ್ನಿನಿಂದ ದಿಂಡಿಗವನ್ನು ಮೂರು ಸಲ ತಟ್ಟಿದಳು. ಅಳಿಲು ಇಳಿದು ಹೋಯಿತು, ಹಕ್ಕಿ ಹಾರಿ ಹೋಯಿತು. ಆಮೇಲೆ ಮೊಣಕಾಲೆತ್ತರ ಬಿಟ್ಟು, ಚಪ್ಪಟೆಯಾಗಿ ಕಡಿದಳು.

ಮಳೆ ಬಂತು. ಕಂಬ ಗಟ್ಟಿಯಾಗಿ ನಿಂತಿತು. ಕೂಸು ಬೆಚ್ಚಗೆ ಮಲಗಿತು.

ಆದರೆ ಕಾಡಿನಿಂದ ದಿಂಡಿಗದ ಮೋಟಿನ ಕ್ಷೀಣ ಧ್ವನಿ ಕೇಳಿಸಿತು. “ತಾಯಿ, ತಲೆಯ ಮೇಲೆ ನೀರು ನಿಂತಿದೆ. ಕೊಳೆಯುತ್ತಿದ್ದೇನೆ.”

ಅಜ್ಜಿ ಮಳೆಗೆ ಎಲೆಯ ಗೊರಬೆ ಹೊದ್ದು, ಕೊಡಲಿ ಹಿಡಿದು ಓಡಿದಳು.

“ನೋಡಿ, ಉಳಿದದ್ದನ್ನೂ ಒಯ್ಯಲು ಬಂದಳು,” ಎಂದಿತು ತೇಗ.

“ತಪ್ಪು ನನ್ನದು, ತಿದ್ದಲು ಬಂದೆ,” ಎಂದಳು ಅಜ್ಜಿ. ಮೋಟಿನ ತಲೆಯನ್ನು ಓರೆಯಾಗಿ ಕೆತ್ತಿದಳು. ನಿಂತ ನೀರು ಸರ್ರನೆ ಇಳಿದುಹೋಯಿತು.

ದಿನವೂ ಬಂದು ನೋಡಿದಳು. ಒಂದು ಬೆಳಿಗ್ಗೆ ತೊಗಟೆ ಬಿರಿದು ಕೆಂಪು ಚಿಗುರು ಇಣುಕಿತು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು.

ತೇಗ ಬಾಗಿ ಚಿಗುರುಗಳನ್ನು ನೋಡಿ ಕೇಳಿತು: “ಅಜ್ಜಿ, ನನ್ನ ಸರದಿ ಬಂದರೆ ನನಗೂ ಹೀಗೆಯೇ ಮಾಡುತ್ತೀಯಾ?”

“ತಟ್ಟಿ ಕೇಳಿಯೇ ಕಡಿಯುತ್ತೇನೆ, ಓರೆಯಾಗಿಯೇ ಕಡಿಯುತ್ತೇನೆ.”

ಅದಕ್ಕೇ ಮಕ್ಕಳೇ, ಓರೆಯಾಗಿ ಕಡಿದ ದಿಂಡಿಗದ ಮೋಟಿನ ಸುತ್ತ, ಒಂದೇ ಮರವಿದ್ದ ಜಾಗದಲ್ಲಿ ಇಂದಿಗೂ ಮೂರು ನಾಲ್ಕು ಎಳೆಯ ಮರಗಳು ನೆಟ್ಟಗೆ ನಿಂತಿರುತ್ತವೆ.